ನೀಲಿ ಸುರುಳಿ

ಅರ್ಜಿ ತುಂಬುವುದಕ್ಕೆಂದೇ ನನ್ನ ಬಳಿ ಒಂದು ಪೆನ್ನಿತ್ತು. ಕಪ್ಪು ಇಂಕಿನ ಬಾಲ್ ಪೆನ್. ರಿಫಿಲ್ ಮುಗಿದಾಗ ಹೊಸದು ಹಾಕುತ್ತಿದ್ದೆ, ಪೆನ್ನು ಮಾತ್ರ ಅದೇ. ಹಾಜರಿ ಪುಸ್ತಕಕ್ಕೆ ಬೇರೆ, ಉತ್ತರಪತ್ರಿಕೆಗೆ ಬೇರೆ. ಇದು ಸ್ಟಾಫ್ ರೂಮಿನ ನನ್ನ ಡ್ರಾಯರಿನಲ್ಲಿ ಗೋಂದು, ಸ್ಟೇಪ್ಲರ್, ಸ್ಟಾಂಪ್ ಪ್ಯಾಡುಗಳ ಜೊತೆ ಇರುತ್ತಿತ್ತು. ಮಾಗಡಿ ರಸ್ತೆಯ ಆಸುಪಾಸಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಡುತ್ತ ಕಳೆದ ವರ್ಷಗಳಲ್ಲಿ ಆ ಪೆನ್ನಿನಿಂದ ಎಷ್ಟು ಮಕ್ಕಳ ಹೆಸರು ಬರೆದೆನೋ, ಲೆಕ್ಕವಿಟ್ಟಿಲ್ಲ.

ಹೆಸರು ಬರೆಯುವುದೇ ದೊಡ್ಡ ಕೆಲಸ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇರುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮುಂದೆ. ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ಲೇ ಇಲ್ಲ, ಅಥವಾ ಅಪ್ಪನ ಹೆಸರು ಪೂರ್ತಿ ಬಂದು ಕೂತಿರುತ್ತದೆ. ಅಕ್ಷರಗಳಲ್ಲಿ ಒಂದು ಎಚ್ ಹೆಚ್ಚೋ ಕಮ್ಮಿಯೋ ಆದರೂ ಮುಗಿಯಿತು. ಮಗು ಪರೀಕ್ಷೆ ಗೆದ್ದರೂ ಹಣ ಬರುವುದಿಲ್ಲ. ಒಬ್ಬ ಹುಡುಗನ ವಿದ್ಯಾರ್ಥಿವೇತನ ಇದೇ ಕಾರಣಕ್ಕೆ ಎರಡು ವರ್ಷ ನಿಂತಿತ್ತು. ಅವನ ಅಮ್ಮ ಬ್ಯಾಂಕಿಗೆ ಹೋದರೆ ಶಾಲೆಯಲ್ಲಿ ಸರಿಮಾಡಿಸಿ ಅಂದರಂತೆ. ನಾವು ಶಾಲೆಯಿಂದ ಪತ್ರ ಕೊಟ್ಟರೆ ಆಧಾರ್‌ನಲ್ಲಿ ಸರಿಮಾಡಿಸಿ ಅಂದರು. ಆ ತಾಯಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು. ಹೀಗೆ ಓಡಾಡಿದ ದಿನಗಳಿಗೆಲ್ಲ ಅವರ ಸಂಬಳ ಕತ್ತರಿಸಿತ್ತು.

ಎನ್‌ಎಂಎಂಎಸ್ ಅನ್ನುವ ಪರೀಕ್ಷೆಯನ್ನು ಕೇಂದ್ರ ಸರ್ಕಾರ 2008ರಲ್ಲಿ ಶುರುಮಾಡಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ. ಯೋಚನಾಶಕ್ತಿಗೆ 90 ಪ್ರಶ್ನೆ, ಪಾಠಕ್ಕೆ 90 ಪ್ರಶ್ನೆ. ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ಎರಡನೇ ಪಿಯುಸಿವರೆಗೆ ದುಡ್ಡು. ಆಗ ತಿಂಗಳಿಗೆ 500 ರೂಪಾಯಿ, ಈಗ ವರ್ಷಕ್ಕೆ 12,000. ಮನೆಯ ವಾರ್ಷಿಕ ಆದಾಯ ಆಗ ಒಂದೂವರೆ ಲಕ್ಷ ದಾಟಿರಬಾರದಿತ್ತು. ದಾಟುವುದಿಲ್ಲ ಅನ್ನುವುದು ಆ ಮನೆಯ ಹೊಸ್ತಿಲಲ್ಲಿ ನಿಂತರೆ ಗೊತ್ತಾಗುತ್ತದೆ. ಅದನ್ನು ಕಾಗದದ ಮೇಲೆ ತರಬೇಕಲ್ಲ. "ಸಂಬ್ಳದ ಚೀಟಿ ಎಲ್ಲಿಂದ ತರ್ಲಿ ಮೇಡಂ? ಶನಿವಾರ ಸಾಯಂಕಾಲ ಕೈಗೆ ಕೊಡ್ತಾರೆ, ಅಷ್ಟೇ," ಅಂತ ಒಬ್ಬ ಅಪ್ಪ ನನ್ನ ಮುಂದೆ ನಿಂತಿದ್ದರು. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವರು. ಅಂಗೈಯ ಗೆರೆಗಳಲ್ಲಿ ಆಯಿಲ್ ಕಪ್ಪಗೆ ಕೂತಿತ್ತು. ಅವರ ಮಗಳ ವಿಷಯವನ್ನೇ ನಾನು ಈಗ ಬರೆಯಹೊರಟಿರುವುದು.

ಅದಕ್ಕೂ ಮೊದಲು ನನ್ನದೊಂದು ಹಳೆಯ ಸಂಗತಿ ಹೇಳಬೇಕು. ಈ ಅರ್ಜಿಗಳ ಹಿಂದೆ ನಾನು ಬಿದ್ದದ್ದು ಅದರಿಂದಲೇ.

1979ರಲ್ಲಿ ನಾನು ಹತ್ತನೇ ತರಗತಿ. ಅಪ್ಪನಿಗೆ ಮಿನರ್ವ ಮಿಲ್ಲಿನಲ್ಲಿ ಕೆಲಸ. ನಮ್ಮ ಲೆಕ್ಕದ ಮೇಷ್ಟ್ರು ಒಂದು ದಿನ ಮೂರು ಜನರನ್ನು ಕರೆದು ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಯ ಬಗ್ಗೆ ಹೇಳಿದರು. ಅದು 1963ರಲ್ಲಿ ದೆಹಲಿಯೊಂದರಲ್ಲೇ ಬರೀ ಹತ್ತು ಸ್ಕಾಲರ್‌ಶಿಪ್‌ಗಳಿಂದ ಶುರುವಾಗಿ, ಮರುವರ್ಷ ದೇಶಕ್ಕೆಲ್ಲ 350 ಆಗಿತ್ತು. ಮೊದಲು ವಿಜ್ಞಾನಕ್ಕೆ ಮಾತ್ರ ಇದ್ದದ್ದು 1976ರ ಬದಲಾವಣೆಯಲ್ಲಿ ಸಮಾಜ ವಿಜ್ಞಾನಕ್ಕೂ ತೆರೆದುಕೊಂಡಿತು. ನಮ್ಮ ಭಾಷೆಗಳಲ್ಲೂ ಬರೆಯಬಹುದಾಯಿತು. ಬರವಣಿಗೆಯಲ್ಲಿ ಗೆದ್ದವರನ್ನು ಸಂದರ್ಶನಕ್ಕೆ ಕರೆಯುತ್ತಾರೆ, ದೊಡ್ಡ ದೊಡ್ಡ ವಿಜ್ಞಾನಿಗಳು ಎದುರು ಕೂತು ಮಾತಾಡಿಸುತ್ತಾರೆ ಅಂತ ಮೇಷ್ಟ್ರು ಹೇಳಿದ್ದೇ ನನ್ನ ತಲೆಯಲ್ಲಿ ಉಳಿಯಿತು. ದುಡ್ಡಿನ ಮಾತೂ ಹೇಳಿದ್ದರು, ಅದು ಕಿವಿಗೆ ಬೀಳಲೇ ಇಲ್ಲ. ರಾತ್ರಿ ಮಲಗಿದಾಗ ಆ ವಿಜ್ಞಾನಿಗಳು ಏನು ಕೇಳಬಹುದು, ನಾನು ಏನು ಹೇಳಬಹುದು ಅಂತ ಯೋಚಿಸುತ್ತಿದ್ದೆ. ಅಪ್ಪ ಮಿಲ್ಲಿನ ಗೇಟಿನ ಹತ್ತಿರವೇ ನಿಂತು ಅರ್ಜಿಗೆ ಸಹಿ ಹಾಕಿದರು. ಶಾಲೆಯ ಸೀಲು ಬೀಳುವುದೊಂದು ಬಾಕಿ. ಆಫೀಸಿನಲ್ಲಿ ಕೊಟ್ಟು ಬಂದೆ.

ಒಂದು ತಿಂಗಳ ಮೇಲೆ ಫೀಸು ಕಟ್ಟಲು ಹೋದಾಗ ಗುಮಾಸ್ತರು ಚಿಲ್ಲರೆಗೆಂದು ಡ್ರಾಯರ್ ಎಳೆದರು. ನನ್ನ ಅರ್ಜಿ ಅಲ್ಲಿಯೇ ಇತ್ತು. ಅದರ ಮೇಲೆ ಟೀ ಲೋಟ ಇಟ್ಟ ದುಂಡನೆಯ ಕಲೆ. ಕೊನೆಯ ದಿನಾಂಕ ಕಳೆದು ಎರಡು ವಾರವಾಗಿತ್ತು. ಯಾರೂ ಕೆಟ್ಟವರಾಗಿರಲಿಲ್ಲ. ಅವರಿಗೆ ಮರೆತುಹೋಗಿತ್ತು. ನಾನು ಅಳಲಿಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ಅಪ್ಪ ಮಾತ್ರ ಎರಡು ಮೂರು ಸಲ "ಆ ಪರೀಕ್ಷೆ ಏನಾಯ್ತಮ್ಮ?" ಅಂತ ಕೇಳಿದರು. ಆಮೇಲೆ ಅವರೂ ಕೇಳುವುದನ್ನು ಬಿಟ್ಟರು.

ಪ್ರತಿಭೆಯನ್ನು ಹುಡುಕುತ್ತೇವೆ ಅಂತ ಸರ್ಕಾರ ಹೊರಟಾಗ ಅದರ ಕೈಗೆ ಸಿಗುವುದು ಅರ್ಜಿ ತಲುಪಿದ ಮಕ್ಕಳು ಮಾತ್ರ. ಅರ್ಜಿ ತಲುಪಬೇಕಾದರೆ ಅದನ್ನು ಹಿಡಿದು ನಡೆಯುವ ಒಬ್ಬರು ದೊಡ್ಡವರು ಬೇಕು. ವಿಶ್ವೇಶ್ವರಯ್ಯನವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ದಿವಾನ್ ರಂಗಾಚಾರ್ಲು ಕೊಟ್ಟರು ಅಂತ ನಾವೆಲ್ಲ ಓದಿದ್ದೇವೆ. ಕಾಲೇಜಿನ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಆ ಹುಡುಗನ ಬೆನ್ನಿಗೆ ನಿಂತಿದ್ದರು ಅನ್ನುವುದನ್ನು ನಾನು ತರಗತಿಯಲ್ಲಿ ಎರಡು ಸಲ ಹೇಳುತ್ತಿದ್ದೆ. ಮುಂದೆ ಕೂತ ಮಕ್ಕಳ ಜೊತೆಗೆ ನನಗೂ ಅದು ಕೇಳಬೇಕಿತ್ತು.

ಆ ಲೇತ್ ಅಪ್ಪನ ಮಗಳು ಎನ್‌ಎಂಎಂಎಸ್ ಗೆದ್ದಳು. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದು ಪಿಯುಸಿ ವಿಜ್ಞಾನಕ್ಕೆ ಸೇರಿದಳು. ಅಲ್ಲಿಯವರೆಗೂ ಕನ್ನಡ ಮಾಧ್ಯಮ. ಕಾಲೇಜು ಶುರುವಾದ ಒಂದು ತಿಂಗಳಿಗೆ ನಮ್ಮ ಮನೆಗೆ ಬಂದವಳು ಬಾಗಿಲಲ್ಲೇ ನಿಂತು, "ಮಿಸ್, ಅವರು ಹೇಳೋದೆಲ್ಲ ನನಗೆ ಗೊತ್ತಿರೋದೇ. ಆದರೆ ಗೊತ್ತಿರೋದು ಅಂತ ಗೊತ್ತಾಗೋಕೆ ಅರ್ಧ ಗಂಟೆ ಆಗ್ತದೆ," ಅಂದಳು. ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟೆ. ನಡುವೆ ಗೆರೆ ಎಳೆದು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದುಕೊಳ್ಳತೊಡಗಿದಳು. ವೇಗೋತ್ಕರ್ಷ, ಆಕ್ಸಿಲರೇಷನ್. ಸಂವೇಗ, ಮೊಮೆಂಟಮ್. ವಕ್ರೀಭವನ, ರಿಫ್ರ್ಯಾಕ್ಷನ್. ಭಾನುವಾರಗಳಲ್ಲಿ ಹಂಪಿನಗರದ ಗ್ರಂಥಾಲಯದಲ್ಲಿ ಕೂತು ಆ ಪುಸ್ತಕ ತುಂಬಿಸುತ್ತಿದ್ದಳು.

ಕೆವಿಪಿವೈ ಬಗ್ಗೆ ಅವಳಿಗೆ ಹೇಳಿದವಳು ನಾನು. ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ, 1999ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಆರಂಭಿಸಿದ್ದು. ನಡೆಸುತ್ತಿದ್ದದ್ದು ನಮ್ಮ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆ. ನಮ್ಮ ಕಡೆ ಹಳಬರು ಈಗಲೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ನವೆಂಬರ್‌ನ ಮೊದಲ ಭಾನುವಾರ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಸಂದರ್ಶನ. ಬರವಣಿಗೆಗೆ 75 ಪಾಲು, ಸಂದರ್ಶನಕ್ಕೆ 25. ಪದವಿಯಲ್ಲಿ ಮೂಲ ವಿಜ್ಞಾನ ಓದಿದರೆ ಮೊದಲ ಮೂರು ವರ್ಷ ತಿಂಗಳಿಗೆ 5,000, ಆಮೇಲೆ 7,000 ರೂಪಾಯಿ. ಎಂಜಿನಿಯರಿಂಗ್ ಸೇರಿದರೆ ಇಲ್ಲ. ನಮ್ಮ ಬಸವೇಶ್ವರನಗರ, ವಿಜಯನಗರಗಳಲ್ಲಿ ಕೊನೆಯ ಆ ಷರತ್ತನ್ನು ಕೇಳಿದೊಡನೆ ಮುಖ ತಿರುಗಿಸುವವರೇ ಹೆಚ್ಚು. ಓದುವ ಹುಡುಗಿ ಇಂಜಿನಿಯರ್ ಆಗದೆ ಬಿಎಸ್ಸಿ ಯಾಕೆ ಮಾಡಬೇಕು ಅನ್ನುವ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ನನಗೂ ಬಂದಿಲ್ಲ.

ಅರ್ಜಿಯಲ್ಲಿ ಪರೀಕ್ಷೆಯ ಭಾಷೆಗೆ ಎರಡೇ ಹೆಸರು: ಇಂಗ್ಲಿಷ್, ಹಿಂದಿ. ಅವಳು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು. ಮಾತಾಡದೆ ಇಂಗ್ಲಿಷಿಗೆ ಗುರುತು ಹಾಕಿಸಿದೆ. ಆ ಕ್ಷಣ ನನಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ.

2014ರ ನವೆಂಬರ್ 2ರಂದು ಬರೆದಳು. ಮೂರು ಗಂಟೆಯಲ್ಲಿ 80 ಪ್ರಶ್ನೆ. ಸಂದರ್ಶನಕ್ಕೆ ಕರೆ ಬಂತು.

ಕರೆ ಬಂದ ದಿನದಿಂದ ನನಗೆ ಒಂದೇ ಚಿಂತೆ. ಈ ಹುಡುಗಿ ದೊಡ್ಡವರೆದುರು ಬಾಯಿಬಿಟ್ಟು ಮಾತಾಡಿದ್ದನ್ನು ನಾನು ನೋಡಿಲ್ಲ. ನನ್ನೊಡನೆ ಮಾತಾಡುತ್ತಾಳೆ, ಅದೂ ಬಾಗಿಲಲ್ಲಿ ನಿಂತು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಮಾತು ಕಲಿತ ದಿನದಿಂದ ಕೇಳಿಸಿಕೊಳ್ಳುವುದು "ಎದುರು ಮಾತಾಡಬೇಡ," "ದೊಡ್ಡವರು ಮಾತಾಡುವಾಗ ಬಾಯಿ ಹಾಕಬೇಡ" ಅಂತ. ಶಾಲೆಯಲ್ಲಿ ನಾವು ಮೇಷ್ಟ್ರುಗಳೂ ಅದನ್ನೇ ಬೇರೆ ಥರ ಹೇಳುತ್ತೇವೆ. ಹದಿನಾರು ವರ್ಷ ಹೀಗೆ ಬೆಳೆದ ಮಗುವನ್ನು ಒಂದು ಬೆಳಿಗ್ಗೆ ಐದು ಜನ ಪ್ರೊಫೆಸರ್‌ಗಳ ಮುಂದೆ ಕೂರಿಸಿ, ನಿನಗೇನನ್ನಿಸುತ್ತದೆ ಹೇಳು ಅಂದರೆ ಅದು ಎಲ್ಲಿಂದ ಮಾತು ತರಬೇಕು?

ಮೂರು ಸಂಜೆ ನಮ್ಮ ಮನೆಯಲ್ಲೇ ಸಂದರ್ಶನ ನಡೆಸಿದೆವು. ನಡುಮನೆಯಲ್ಲಿ ಮೂರು ಕುರ್ಚಿ. ಮಹಡಿ ಮನೆಯ ನಿವೃತ್ತ ಎಂಜಿನಿಯರ್ ಒಬ್ಬರು, ಎದುರು ಮನೆಯಿಂದ ಬ್ಯಾಂಕಿನಲ್ಲಿದ್ದ ಅಕ್ಕ ಒಬ್ಬರು, ಮತ್ತು ನಾನು. ಮೊದಲ ಸಂಜೆ "ನಿನ್ನ ಬಗ್ಗೆ ಹೇಳಮ್ಮ" ಅಂದದ್ದಕ್ಕೆ ಹೆಸರು ಹೇಳಿ ತಲೆ ತಗ್ಗಿಸಿದಳು. ಎರಡನೇ ಸಂಜೆ ಎಂಜಿನಿಯರ್ ಅಂಕಲ್ ಬೇಕೆಂದೇ ತಪ್ಪು ಹೇಳಿದರು, ಭಾರವಾದ ಕಲ್ಲು ಬೇಗ ಬೀಳುತ್ತದಲ್ಲವೇ ಅಂತ. ಅವಳ ಮುಖದಲ್ಲಿ ಉತ್ತರ ಕಾಣುತ್ತಿತ್ತು, ಬಾಯಿಗೆ ಬರಲಿಲ್ಲ. ದೊಡ್ಡವರು ತಪ್ಪು ಹೇಳುತ್ತಿದ್ದಾರೆ ಅನ್ನುವುದು ಹೇಗೆ? ಅವತ್ತು ರಾತ್ರಿ ನಾನು ಅವಳ ಕೈಹಿಡಿದು, "ನೋಡು ಪುಟ್ಟ, ಅಲ್ಲಿ 'ಇಲ್ಲ ಸರ್' ಅನ್ನಬಹುದು. 'ಗೊತ್ತಿಲ್ಲ ಸರ್' ಅಂತಲೂ ಅನ್ನಬಹುದು. ಸುಮ್ಮನೆ ಮಾತ್ರ ಕೂರಬೇಡ. ಯೋಚನೆ ಮಾಡೋದನ್ನ ಬಾಯಲ್ಲಿ ಮಾಡು," ಅಂದೆ. ಮೂರನೇ ಸಂಜೆ ಅದೇ ಕಲ್ಲಿನ ಪ್ರಶ್ನೆಗೆ, "ಇಲ್ಲ ಅಂಕಲ್, ಗಾಳಿ ಇಲ್ಲ ಅಂದರೆ ಎರಡೂ ಒಟ್ಟಿಗೆ ಬೀಳ್ತವೆ," ಅಂದಳು. ಎದುರು ಮನೆಯ ಅಕ್ಕ ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದರು.

ಜನವರಿಯ ಆ ಬೆಳಿಗ್ಗೆ ಅವಳ ಅಪ್ಪನೂ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಅಮ್ಮ ಮೊಸರು ಸಕ್ಕರೆ ತಿನ್ನಿಸಿ ಕಳಿಸಿದ್ದರು, ಡಬ್ಬಿಯಲ್ಲಿ ಚಿತ್ರಾನ್ನ. ಹಾವನೂರು ಸರ್ಕಲ್ಲಿನಲ್ಲಿ ಆಟೋ ಹಿಡಿದೆವು. ಶಂಕರಮಠ, ಮಹಾಲಕ್ಷ್ಮಿ ಲೇಔಟ್ ದಾಟಿ ಸೋಪ್ ಫ್ಯಾಕ್ಟರಿ ಹತ್ತಿರ ಬರುವಾಗ ಗಾಳಿಯಲ್ಲಿ ಗಂಧದ ವಾಸನೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಯಶವಂತಪುರ ದಾಟಿದ ಮೇಲೆ, "ಮಿಸ್, ಮರೆತು ಕನ್ನಡ ಬಂದುಬಿಟ್ರೆ?" ಅಂದಳು. ಬರಲಿ ಬಿಡು ಅಂದೆ.

ಟಾಟಾ ಇನ್‌ಸ್ಟಿಟ್ಯೂಟಿನ ಒಳಗೆ ಕಾಲಿಟ್ಟರೆ ನಮ್ಮ ಊರೇ ಅಲ್ಲ ಅನ್ನಿಸುತ್ತದೆ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ. ಮರಗಳ ಕೆಳಗೆ ರಸ್ತೆಯೇ ತಣ್ಣಗಿರುತ್ತದೆ. ಅವಳನ್ನು ಒಳಗೆ ಕಳಿಸಿ ನಾವಿಬ್ಬರೂ ಹೊರಗೆ ಕಲ್ಲುಬೆಂಚಿನ ಮೇಲೆ ಕೂತೆವು. ದೇಶದ ಎಲ್ಲೆಲ್ಲಿಂದಲೋ ಬಂದ ತಂದೆತಾಯಿಗಳು ಅಲ್ಲಿದ್ದರು. ಬಂಗಾಳಿ, ಮರಾಠಿ, ಮಲಯಾಳಂ ಕೇಳಿಸುತ್ತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಫೈಲು. ಅಪ್ಪ ಬಹಳ ಹೊತ್ತು ಆ ಕಟ್ಟಡಗಳನ್ನೇ ನೋಡುತ್ತಿದ್ದು, "ಇಲ್ಲಿಗೆ ಒಂದ್ಸಲ ಜಾಬ್ ಮಾಡಿಕೊಟ್ಟಿದ್ವಿ ಮೇಡಂ. ಸ್ಟೀಲ್ ಫ್ಲಾಂಜು. ಮೈಕ್ರಾನ್ ಲೆಕ್ಕದಲ್ಲಿ ಕೇಳಿದ್ರು. ನಾನೇ ತಿರುಗಿಸಿದ್ದು. ಯಾವ ಬಿಲ್ಡಿಂಗೋ ಏನೋ," ಅಂದರು. ಆಮೇಲೆ ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ಸುಮ್ಮನಾದರು.

ಅಲ್ಲಿ ಜಮ್ಷೆಟ್‌ಜಿ ಟಾಟಾ ಅವರ ಪ್ರತಿಮೆಯಿದೆ. ಈ ಸಂಸ್ಥೆಗೆ ದುಡ್ಡು ತೆಗೆದಿಡುವುದಕ್ಕೂ ಮೊದಲು, 1892ರಲ್ಲೇ, ವಿದೇಶಕ್ಕೆ ಹೋಗಿ ಓದುವ ಭಾರತೀಯರಿಗೆ ಅವರು ಸಾಲದ ರೂಪದ ವಿದ್ಯಾರ್ಥಿವೇತನ ಇಟ್ಟಿದ್ದರು. ಅದನ್ನು ಮೊದಲು ಪಡೆದವರಲ್ಲಿ ಫ್ರೇನಿ ಕಾಮಾ, ಕೃಷ್ಣಾಬಾಯಿ ಕೇಳವ್ಕರ್ ಅನ್ನುವ ಇಬ್ಬರು ಹೆಣ್ಣುಮಕ್ಕಳಿದ್ದರು, ಇಬ್ಬರೂ ವೈದ್ಯೆಯರು. ಆ ಕಾಲದಲ್ಲಿ ಅವರ ಅರ್ಜಿ ಹಿಡಿದು ನಡೆದವರು ಯಾರಿದ್ದರೋ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಹೊರಗೆ ಬಂದಳು. ಓಡಿಕೊಂಡೇ ಬಂದಳು.

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಮೊದಲು ಯಾವ ವಿಷಯ ಇಷ್ಟ ಅಂತ ಕೇಳಿದರು. ಫಿಸಿಕ್ಸ್ ಅಂದಳು. ಒಂದು ಗ್ರಾಫ್ ಬರೆಯಲು ಹೇಳಿದರು, ಬರೆದಳು. ಒಂದು ಲೆಕ್ಕ ಕೊಟ್ಟರು, ಅರ್ಧದಲ್ಲಿ ಸಿಕ್ಕಿಕೊಂಡಿತು. ಆಗ ಕೊನೆಯಲ್ಲಿ ಕೂತಿದ್ದ ಒಬ್ಬರು ಅವಳ ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದರು. ಲೇತ್ ಅಂದಳು. ನೀನು ಅಲ್ಲಿಗೆ ಹೋಗಿದ್ದೀಯಾ? ಊಟ ತಗೊಂಡು ಹೋಗ್ತೀನಿ ಸರ್. ಅಲ್ಲಿ ಏನು ನೋಡಿದ್ದೀಯ? ಇವಳಿಗೆ ಇಂಗ್ಲಿಷ್ ಸಾಲದಾಯಿತು. ಅವರು ಕನ್ನಡದಲ್ಲೇ, "ಕನ್ನಡದಲ್ಲಿ ಹೇಳಮ್ಮ, ನಾನು ಇವರಿಗೆ ಹೇಳ್ತೀನಿ," ಅಂದರಂತೆ.

ಆಮೇಲೆ ಅವಳು ಹೇಳಿದ್ದು ಚಿಪ್ಸ್ ವಿಷಯ. ಲೇತ್‌ನಲ್ಲಿ ಉಕ್ಕಿನ ಸರಳು ತಿರುಗುವಾಗ ಟೂಲ್ ಅದನ್ನು ಕೆತ್ತುತ್ತ ಹೋಗುತ್ತದೆ. ಕೆತ್ತಿದ ಲೋಹ ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತದೆ, ಬೆಂಡಿನ ಹೂವಿನ ದಳದ ಹಾಗೆ. ಬೀಳುವಾಗ ಬೆಳ್ಳಗೆ. ನೋಡುನೋಡುತ್ತಿದ್ದಂತೆ ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನವಿಲುಕೊರಳಿನ ನೀಲಿ. ಹಳೆಯ ಹೈಸ್ಪೀಡ್ ಟೂಲಿಗೆ ನೀಲಿ ಚಿಪ್ಸ್ ಬಂದರೆ ಸ್ಪೀಡ್ ಜಾಸ್ತಿಯಾಯಿತು, ಟೂಲ್ ಸುಟ್ಟುಹೋಗುತ್ತದೆ ಅಂತ ಅಪ್ಪ ಹೇಳುತ್ತಾರೆ. ಕಾರ್ಬೈಡ್ ಆದರೆ ನೀಲಿ ಬಂದರೂ ಪರವಾಗಿಲ್ಲ. ಅವರು ಬಣ್ಣ ನೋಡಿಯೇ ಬಿಸಿ ಎಷ್ಟು ಅಂತ ಹೇಳುತ್ತಾರೆ, ಥರ್ಮಾಮೀಟರ್ ಇಲ್ಲ ಸರ್.

ಕೋಣೆಯಲ್ಲಿ ಎಲ್ಲರೂ ಮುಂದಕ್ಕೆ ಬಾಗಿದರಂತೆ. ಆ ನೀಲಿ ಎಲ್ಲಿಂದ ಬಂತು?

"ಗೊತ್ತಿಲ್ಲ ಸರ್."

ಗೊತ್ತಿಲ್ಲ ಅಂದಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಬಿಸಿಯಿಂದ ಬಂದಿದ್ದಾದರೆ ತಣ್ಣಗಾದ ಮೇಲೆ ಹೋಗಬೇಕು ಸರ್, ಹೋಗುವುದಿಲ್ಲ, ನಮ್ಮ ಮನೆಯಲ್ಲಿ ಒಂದು ಸುರುಳಿ ಎರಡು ವರ್ಷದಿಂದ ನೀಲಿಯಾಗೇ ಇದೆ. ಹಾಗಾದರೆ ಮೇಲೆ ಏನೋ ಕೂತಿದೆ. ತುಕ್ಕಿನಂಥದ್ದು. ಆದರೆ ತುಕ್ಕು ಕೆಂಪಗಿರುತ್ತದೆ. ಅವರು ಕೇಳಿದರು: ಬಣ್ಣವಿಲ್ಲದ ವಸ್ತು ಬಣ್ಣ ತೋರಿಸಿದ್ದನ್ನು ಬೇರೆಲ್ಲಾದರೂ ನೋಡಿದ್ದೀಯಾ? ಅವಳು ಯೋಚಿಸಿ, ಸೋಪಿನ ಗುಳ್ಳೆ ಅಂದಳು. ಇನ್ನೊಮ್ಮೆ ಯೋಚಿಸಿ, ಮಳೆ ಬಂದಾಗ ರೋಡಿನ ಮೇಲೆ ಆಯಿಲ್ ಅಂದಳು. ಅಷ್ಟು ಹೇಳಿದ್ದೇ ತಡ, ಅವಳಿಗೇ ಹೊಳೆಯಿತು. ಪದರ, ಸರ್, ತೆಳ್ಳಗಿನ ಪದರ. ಎದ್ದುಹೋಗಿ ಬೋರ್ಡಿನ ಮೇಲೆ ಚಿತ್ರ ಬರೆದಳು. ಬೆಳಕು ಮೇಲಿನಿಂದಲೂ ತಿರುಗುತ್ತದೆ, ಒಳಗಿನ ಲೋಹದಿಂದಲೂ ತಿರುಗುತ್ತದೆ, ಎರಡೂ ಸೇರುತ್ತವೆ. ಬಿಸಿ ಹೆಚ್ಚಾದಷ್ಟು ಪದರ ದಪ್ಪ, ಅದಕ್ಕೇ ಬಣ್ಣ ಬದಲು. ಅವಳಿಗೆ ಆ ಪಾಠ ಇನ್ನೂ ಆಗಿರಲಿಲ್ಲ, ಅದು ಎರಡನೇ ಪಿಯುಸಿಗೆ ಬರುವುದು. ನಾನು ಅವಳಿಗೆ ಆ ಬಗ್ಗೆ ಏನೂ ಹೇಳಿಕೊಟ್ಟಿರಲಿಲ್ಲ.

ಅಪ್ಪ ಬೆಂಚಿನ ಮೇಲೆ ಕೂತು ಇಷ್ಟನ್ನೂ ಕೇಳಿದರು. "ಚಿಪ್ಸ್ ವಿಷಯ ಕೇಳಿದ್ರಾ?" ಅಂತ ಎರಡು ಸಲ ಅಂದರು. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅವಳಿಗೆ ಕನ್ನಡದ ಮಾತು ಹೇಳಿದೆ: ವ್ಯತಿಕರಣ. ನೋಟ್‌ಬುಕ್ ತೆಗೆದು, ಬಸ್ಸಿನ ಕುಲುಕಾಟದಲ್ಲೇ ಎಡಕ್ಕೆ ವ್ಯತಿಕರಣ, ಬಲಕ್ಕೆ ಇಂಟರ್‌ಫಿಯರೆನ್ಸ್ ಅಂತ ಬರೆದುಕೊಂಡಳು.

ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಬರವಣಿಗೆಯಲ್ಲಿ ಕಡಿಮೆಯಾಗಿತ್ತು. ಮುಕ್ಕಾಲು ಪಾಲು ಅಲ್ಲಿಯೇ ಇದ್ದದ್ದು. ನನಗೆ ಬಂದ ದುಃಖ ದೊಡ್ಡದು. 1979ರದ್ದೂ ಸೇರಿಕೊಂಡೇ ಬಂದಿರಬೇಕು. ಸಮಾಧಾನ ಹೇಳಲು ನಾನೇ ಅವರ ಮನೆಗೆ ಹೋದೆ. ಅವಳು ಕಿಟಕಿಯಲ್ಲಿಟ್ಟಿದ್ದ ಆ ಸುರುಳಿ ತಂದು ನನ್ನ ಅಂಗೈಯಲ್ಲಿಟ್ಟು, "ಮಿಸ್, ಎರಡು ವರ್ಷದಿಂದ ಇದನ್ನ ಚೆಂದ ಅಂತ ಇಟ್ಟುಕೊಂಡಿದ್ದೆ. ಈಗ ಇದು ಯಾಕೆ ಹಿಂಗಿದೆ ಅಂತ ಗೊತ್ತು. ಮುಂದಿನ ವರ್ಷವೂ ಬರೀಬಹುದಂತೆ," ಅಂದಳು. ಅಂಚು ಬ್ಲೇಡಿನಷ್ಟು ಹರಿತ, ಹುಷಾರು ಅಂತ ಅಪ್ಪ ಒಳಗಿನಿಂದ ಕೂಗಿದರು. ಬೆಳಕಿಗೆ ಹಿಡಿದು ತಿರುಗಿಸಿದೆ. ಒಂದು ತುದಿಯಲ್ಲಿ ಹುಲ್ಲಿನ ಹಳದಿ, ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ನೀಲಿ.

ಮರುವರ್ಷದ ಪರೀಕ್ಷೆ 2015ರ ನವೆಂಬರ್ 1ರಂದು. ರಾಜ್ಯೋತ್ಸವ. ದಾರಿಯ ಆಟೋ ಸ್ಟ್ಯಾಂಡುಗಳಲ್ಲೆಲ್ಲ ಹಳದಿ ಕೆಂಪು ಬಾವುಟ, ಭುವನೇಶ್ವರಿ ಪಟಕ್ಕೆ ಹೂವಿನ ಹಾರ, ಮೈಕಿನಲ್ಲಿ ಹಾಡು. ಅವುಗಳ ನಡುವೆ ಕನ್ನಡದಲ್ಲಿ ಓದಿ ಬೆಳೆದ ಹುಡುಗಿಯನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಮಾತ್ರ ಬರೆಯಬಹುದಾದ ಪರೀಕ್ಷೆಗೆ ಕರೆದುಕೊಂಡು ಹೋದೆ. ಇದನ್ನು ಆಗಲೇ ಯಾರಾದರೂ ಗಟ್ಟಿಯಾಗಿ ಕೇಳಬೇಕಿತ್ತು, ನಾನೂ ಕೇಳಬೇಕಿತ್ತು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ ಆ ಪ್ರಶ್ನೆ ಬಂದದ್ದು 2021ರಲ್ಲಿ. ಆ ವರ್ಷದ ನವೆಂಬರ್ ಪರೀಕ್ಷೆ ಮುಂದಕ್ಕೆ ಹೋಯಿತು. ಪ್ರಾದೇಶಿಕ ಭಾಷೆಗಳಿಗೆ ಬಾಗಿಲು ತೆರೆಯಿತು ಅಂದುಕೊಳ್ಳುವಷ್ಟರಲ್ಲಿ, 2022ರಲ್ಲಿ ಯೋಜನೆಯನ್ನೇ ಇನ್‌ಸ್ಪೈರ್ ಅನ್ನುವ ಇನ್ನೊಂದರಲ್ಲಿ ಸೇರಿಸಿಬಿಟ್ಟರು.

ಎರಡನೇ ಸಂದರ್ಶನದ ಬಗ್ಗೆ ಹೇಳಲು ಹೆಚ್ಚಿಲ್ಲ. ಪೂರ್ತಿ ಗಣಿತ ಕೇಳಿದರಂತೆ. ಪಟ್ಟಿಯಲ್ಲಿ ಹೆಸರು ಬಂತು. ಅದು ಬಂದ ಮೇಲೆ ನಿಜವಾದ ಕಷ್ಟ ಎದುರಾಯಿತು. "ಇಂಜಿನಿಯರಿಂಗ್ ಬೇಡ್ವಾ ಮೇಡಂ? ನಮ್ಮ ಓನರ್ ಮಗನೂ ಇಂಜಿನಿಯರು," ಅಂದರು ಅಪ್ಪ. ನನಗೆ ತಿಳಿದಷ್ಟು ಹೇಳಿದೆ. ಸಂಶೋಧನೆ ಅಂದರೇನು, ಎಷ್ಟು ವರ್ಷ ಓದಬೇಕು, ಆಮೇಲೆ ಕೆಲಸ ಎಲ್ಲಿ, ಯಾವುದನ್ನೂ ಮುಚ್ಚಿಡಲಿಲ್ಲ. ಅವರು ಒಂದು ವಾರ ತೆಗೆದುಕೊಂಡರು. ಕೊನೆಗೆ ತೀರ್ಮಾನ ಮಾಡಿದ್ದು ಅವಳ ಅಮ್ಮ. "ಅವ್ಳಿಗೆ ಏನು ಬೇಕೋ ಅದು ಓದ್ಲಿ. ಈ ಮನೇಲಿ ಯಾರಿಗಾದ್ರೂ ಬೇಕಾದ್ದು ಸಿಗ್ಲಿ."

ಬಿಎಸ್ಸಿ ಸೇರಿದಳು. ಮೊದಲ ಕಂತು ಬಂದಾಗ ಅಪ್ಪನನ್ನು ಕರೆದುಕೊಂಡು ಹೋಗಿ ಕನ್ನಡಕ ಮಾಡಿಸಿದಳು. ಮೈಕ್ರೋಮೀಟರಿನ ಗೆರೆ ಅವರಿಗೆ ವರ್ಷದಿಂದ ಸರಿಯಾಗಿ ಕಾಣುತ್ತಿರಲಿಲ್ಲ, ಅಂದಾಜಿನ ಮೇಲೆ ನಡೆಸುತ್ತಿದ್ದರು. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳೊಬ್ಬಳಿಗೆ ಬಿಟ್ಟು.

ಈಗ ಕೆವಿಪಿವೈ ಇಲ್ಲ. ರಾಷ್ಟ್ರೀಯ ಪ್ರತಿಭಾನ್ವೇಷಣೆಯೂ 2021ರಿಂದ ನಿಂತಿದೆ. ಇನ್‌ಸ್ಪೈರ್‌ನಲ್ಲಿ ವರ್ಷಕ್ಕೆ 80,000 ರೂಪಾಯಿ ಕೊಡುತ್ತಾರೆ, ಒಳ್ಳೆಯ ಮೊತ್ತ. ದೊಡ್ಡ ಪಾಲು ಆಯ್ಕೆ ಹನ್ನೆರಡನೇ ತರಗತಿಯ ಅಂಕಗಳಲ್ಲಿ ಬೋರ್ಡಿನ ಮೊದಲ ಶೇ. 1ರಲ್ಲಿ ಬಂದವರಿಂದ. ಆ ಒಂದರಲ್ಲಿ ನಮ್ಮ ಹುಡುಗಿ ಇರುತ್ತಿರಲಿಲ್ಲ. ಅಂಕಪಟ್ಟಿ ಯಾರನ್ನೂ ನಿಮ್ಮಪ್ಪ ಏನು ಮಾಡುತ್ತಾರೆ, ಅಲ್ಲಿ ನೀನು ಏನು ನೋಡಿದ್ದೀಯ ಅಂತ ಕೇಳುವುದಿಲ್ಲ. ಗೊತ್ತಿಲ್ಲ ಸರ್ ಅಂದಮೇಲೆ ಕಾಯುವುದೂ ಇಲ್ಲ. ಸಂದರ್ಶನದಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವ, ಕೋಚಿಂಗಿಗೆ ಹೋದ ಮಕ್ಕಳಿಗೇ ಅನುಕೂಲ ಅಂತ ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ನಿಜವಿದೆ. ಆದರೂ ಮಗುವನ್ನು ಎದುರಿಗೆ ಕೂರಿಸಿಕೊಂಡು ಇಪ್ಪತ್ತು ನಿಮಿಷ ಅದರ ಮಾತು ಕೇಳುವ ಒಂದು ಕೋಣೆ ಈ ಊರಿನಲ್ಲಿತ್ತು, ಅದು ಮುಚ್ಚಿತು ಅನ್ನುವ ನೋವು ನನ್ನಲ್ಲಿ ಹಾಗೆಯೇ ಇದೆ.

ಎನ್‌ಎಂಎಂಎಸ್ ಇನ್ನೂ ನಡೆಯುತ್ತಿದೆ. ಆದಾಯದ ಮಿತಿ ಈಗ ಮೂರೂವರೆ ಲಕ್ಷ. ನನಗೆ ನಿವೃತ್ತಿಯಾದರೂ ಅರ್ಜಿ ತುಂಬುವ ತಿಂಗಳುಗಳಲ್ಲಿ ಹಳೆಯ ಶಾಲೆಗೆ ಹೋಗಿ ಕೂರುತ್ತೇನೆ. ಪೆನ್ನಿನ ಕೆಲಸ ಕಡಿಮೆಯಾಗಿದೆ. ಈಗೆಲ್ಲ ಸ್ಕಾಲರ್‌ಶಿಪ್ ಪೋರ್ಟಲ್, ಆಧಾರ್, ಓಟಿಪಿ. ಓಟಿಪಿ ಹೋಗುವುದು ಮನೆಯವರ ಫೋನಿಗೆ. ಕಳೆದ ಸಲ ಒಬ್ಬ ಹುಡುಗಿಯದು ಅಮ್ಮನ ನಂಬರು. ಆಕೆ ಇರುವುದು ಗಾರ್ಮೆಂಟ್ಸ್‌ನಲ್ಲಿ. ಒಳಗೆ ಫೋನು ಬಿಡುವುದಿಲ್ಲ, ಊಟದ ಹೊತ್ತಿಗೆ ಮಾತ್ರ ಕೈಗೆ ಸಿಗುತ್ತದೆ. ಹಾಗಾಗಿ ನಾವಿಬ್ಬರೂ ಹನ್ನೆರಡೂವರೆಗೇ ಎಲ್ಲ ತುಂಬಿಕೊಂಡು, ಹೆಸರಿನ ಅಕ್ಷರಗಳನ್ನು ಮೂರು ಸಲ ಪಾಸ್‌ಬುಕ್ಕಿಗೆ ಹೋಲಿಸಿ ನೋಡಿ, ಕಂಪ್ಯೂಟರ್ ಮುಂದೆ ಕಾಯುತ್ತ ಕೂತೆವು. ಒಂದು ಗಂಟೆಗೆ ಸೈರನ್ ಆಗುತ್ತದೆ ಅಂತ ಹೇಳಿದ್ದರಂತೆ. ಒಂದು ಹೊಡೆದ ಮೇಲೆ ಬಟನ್ ಒತ್ತಿದೆವು. ಒಂದು ಗಂಟೆ ನಾಲ್ಕು ನಿಮಿಷಕ್ಕೆ ಫೋನ್ ಬಂತು. ಹಿಂದೆ ನೂರಾರು ಹೆಂಗಸರ ಮಾತು, ಡಬ್ಬಿಗಳ ಸದ್ದು. ಆ ತಾಯಿ ಏದುಸಿರು ಬಿಡುತ್ತಿದ್ದರು, ಮೆಟ್ಟಿಲಿಳಿದು ಓಡಿ ಬಂದಿರಬೇಕು. "ಬರ್ಕೋ ಮಗಳೇ," ಅಂದು ಒಂದೊಂದೇ ಅಂಕಿಯನ್ನು ನಿಧಾನವಾಗಿ ಹೇಳತೊಡಗಿದರು. ನಾಲ್ಕು. ಸೊನ್ನೆ. ಏಳು. ಏಳು ಅಂದ್ನಲ್ಲ, ಹಾಕಿದ್ಯಾ?